ನೀಲಿ ಫಾರಂ

ಮಾರ್ಚ್ ೧೪, ಗುರುವಾರ

ನನ್ನ ಪುಟ್ಟಿಗೆ,

ಅಮ್ಮನ ಆಶೀರ್ವಾದ. ನಿನ್ನ ಎರಡು ಕಾಗದಗಳಿಗೂ ಉತ್ತರ ಬರೆಯದೆ ಕುಳಿತಿದ್ದೆ, ಬೈದುಕೋ. ಈಗ ಪುರುಸೊತ್ತೋ ಪುರುಸೊತ್ತು. ಸೋಮವಾರ ನನ್ನ ಕೈಯಿಂದ ಬಸ್ಸು ಕಿತ್ತುಕೊಂಡಿದ್ದಾರೆ.

ಡಿಪೋದಲ್ಲಿ ವರ್ಷಕ್ಕೊಮ್ಮೆ ಆರೋಗ್ಯ ತಪಾಸಣೆ ಇರುತ್ತದಲ್ಲ, ಗಂಡಸರಿಗೆ ನೀಲಿ ಫಾರಂ, ಹೆಂಗಸರಿಗೆ ಗುಲಾಬಿ. ನೀಲಿಯಲ್ಲಿ ಇಸಿಜಿ ಇದೆ. ಗುಲಾಬಿಯಲ್ಲಿ ತೂಕ, ರಕ್ತ, ಆಮೇಲೆ ಮುಟ್ಟು ಸರಿಯಾಗಿದೆಯೇ ಎಂಬ ಪ್ರಶ್ನೆ. ಐವತ್ತಾರು ವರ್ಷದವಳಿಗೆ! ಡಿಪೋದ ಹೆಂಗಸರೆಂದರೆ ಕಸ ಗುಡಿಸುವವರು ಮಾತ್ರ ಇದ್ದ ಕಾಲದಲ್ಲಿ ಅಚ್ಚು ಹಾಕಿಸಿದ್ದು. ಹದಿನೆಂಟು ವರ್ಷದಿಂದ ನಾನೂ ಅದೇ ಸ್ಟೀರಿಂಗ್ ಹಿಡಿದು, ಅದೇ ಹೊಗೆ ಕುಡಿದು, ಹೊತ್ತಲ್ಲದ ಹೊತ್ತಿನಲ್ಲಿ ಉಣ್ಣುತ್ತಿದ್ದೇನೆ. ಗಂಡಸರ ಕೆಲಸ ಬಂತು, ಅವರ ಕಾಯಿಲೆಯೂ ಬಂತು, ಅವರ ಫಾರಂ ಮಾತ್ರ ಬರಲಿಲ್ಲ.

ಮೂರು ತಿಂಗಳಿಂದ ದವಡೆ ನೋವು, ಸುಸ್ತು ಎಂದು ಡಾಕ್ಟರಿಗೆ ಹೇಳಿದೆ. ಆ ಮನುಷ್ಯ ತಲೆ ಕೂಡ ಎತ್ತಲಿಲ್ಲ. "ಗ್ಯಾಸ್ ಅಮ್ಮಾ. ಹೆಂಗಸರಿಗೆ ಇದೆಲ್ಲ ಇದ್ದದ್ದೇ," ಅಂದ. ಮೈ ಉರಿದುಹೋಯಿತು. ಮೇಜಿನ ಮೇಲಿದ್ದ ನೀಲಿ ಫಾರಂ ಒಂದನ್ನು ಎಳೆದುಕೊಂಡು, ಬ್ಯಾಡ್ಜ್ ನಂಬರ್ ಬರೆದು, ಗಂಡಸರ ಸಾಲಿನಲ್ಲಿ ನಿಂತೆ.

"ಇದು ಗಂಡಸರದ್ದು ಕಣಮ್ಮಾ," ಅಂದ ಇಸಿಜಿಯವನು.

"ಓಡಿಸ್ತಿರೋದು ಯಾರು ಅಂತ ಬಸ್ಸಿಗೆ ಗೊತ್ತಾಗುತ್ತೇನಪ್ಪಾ? ವಯರ್ ಅಂಟಿಸು," ಅಂದೆ. ಸಾಲಿನಲ್ಲಿದ್ದವರೆಲ್ಲ ನಕ್ಕರು. ಅವನೂ ನಕ್ಕ. ಆದರೆ ಮೆಷಿನ್ನಿಂದ ಕಾಗದ ಹೊರಬಂದ ಮೇಲೆ ನಗಲಿಲ್ಲ.

ದೊಡ್ಡಾಸ್ಪತ್ರೆಗೆ ಕಳಿಸಿದರು. ಹೃದಯದ ರಕ್ತನಾಳ ಎರಡು ಕಡೆ ಕಟ್ಟಿಕೊಂಡಿದೆಯಂತೆ. ಬರುವ ಮಂಗಳವಾರ ಸ್ಟೆಂಟ್ ಹಾಕುತ್ತಾರೆ. "ಮೊದಲೇ ಹೇಳಬಾರ್ದಿತ್ತಾ?" ಎಂದು ಮ್ಯಾನೇಜರ್ ನನ್ನನ್ನೇ ಗದರಿಸಿದ. ಎಲ್ಲಿ ಹೇಳಲಿ, ಗುಲಾಬಿ ಫಾರಂನಲ್ಲಿ ಅದಕ್ಕೆ ಜಾಗವೇ ಇಲ್ಲ!

ನೀನು ಗಾಬರಿಯಾಗಬೇಡ. ನಿನ್ನಪ್ಪ ಅಡುಗೆಮನೆ ಹಿಡಿದಿದ್ದಾರೆ. ಉಪ್ಪು ಕಮ್ಮಿ ಮಾಡಿ ಎಂದರೆ ಹಾಕುವುದನ್ನೇ ಬಿಟ್ಟಿದ್ದಾರೆ, ನಾನು ಬಾಯಿ ಮುಚ್ಚಿಕೊಂಡು ತಿನ್ನುತ್ತಿದ್ದೇನೆ.

ನೂರು ವರ್ಷ ತಣ್ಣಗೆ ಬಾಳು, ಮಗಳೇ.

ನಿನ್ನ ಅಮ್ಮ

ತಾ.ಕ.: ಹೋದ ವರ್ಷ ನಿನ್ನ ಅಣ್ಣ ಎದೆ ಹಿಡಿದುಕೊಂಡಂತಾಗುತ್ತದೆ ಎಂದಾಗ ರಜೆ ಹಾಕಿ ಕರೆದುಕೊಂಡು ಹೋಗಿ ಎಲ್ಲ ಪರೀಕ್ಷೆ ಮಾಡಿಸಿದೆ. ಅವನಿಗೆ ಬರೀ ಗ್ಯಾಸು. ಅದೇ ತಿಂಗಳು ನೀನು, ಮೆಟ್ಟಿಲು ಹತ್ತಿದರೆ ಉಸಿರು ಕಟ್ಟುತ್ತದೆ ಎಂದು ಬರೆದಿದ್ದೆ. 'ಹೆಂಗಸರಿಗೆ ಇದೆಲ್ಲ ಇದ್ದದ್ದೇ, ನೀರು ಕುಡಿ' ಎಂದು ಉತ್ತರ ಕೊಟ್ಟವಳು ನಾನು. ಆಮೇಲೆ ನೀನು ಆ ಮಾತೇ ಎತ್ತಲಿಲ್ಲ. ವಾಸಿಯಾಯಿತೇ ಪುಟ್ಟಿ, ಇಲ್ಲವೇ ನನಗೆ ಹೇಳುವುದನ್ನೇ ಬಿಟ್ಟೆಯಾ?