ಶುಂಠಿ ಶೆಡ್ಡಿನಲ್ಲಿ ಜಾಗ ಇದೆ

ಜುಲೈ 19, ಶನಿವಾರ. ಶಿರಂಗಾಲ.

ಗೆಳೆಯ ವಸಂತನ ಕಂಪ್ಯೂಟರ್ ಇವತ್ತೂ ಆನ್ ಆಯಿತು. ಅದೇ ಹೊಟ್ಟೆಯುರಿ.

ನಾವು ಓದಿದ ಶಾಲೆಯವರು ಗುಜರಿಗೆ ಹಾಕಿದ್ದ ಹಳೇ ಕಂಪ್ಯೂಟರುಗಳಲ್ಲಿ ನಾವಿಬ್ಬರೂ ನೆನಪಿಗೆಂದು ಒಂದೊಂದು ತಂದುಕೊಂಡಿದ್ದೆವು. ಅವನು ತನ್ನದನ್ನು ಹೊಗೆಸೊಪ್ಪು ಬೇಯಿಸಿ ಒಣಗಿಸುತ್ತಿದ್ದ ಹಳೇ ಬ್ಯಾರನ್ ಮನೆಯಲ್ಲಿಟ್ಟ. ದಪ್ಪ ಮಣ್ಣಿನ ಗೋಡೆ, ಮಳೆಗಾಲದಲ್ಲೂ ಒಳಗೆ ಒಣಗಿದ ಹಪ್ಪಳದ ಹಾಗಿರುತ್ತದೆ. ನಾನು ನನ್ನದನ್ನು ಬಿತ್ತನೆ ಶುಂಠಿ ಇಡುವ ಶೆಡ್ಡಿನಲ್ಲಿಟ್ಟೆ. ಗಡ್ಡೆಯೇ ಬಾಡದೆ ಉಳಿಯುವ ತಂಪು ಜಾಗ, ಇದಕ್ಕೂ ಒಳ್ಳೆಯದೇ ಅಂದುಕೊಂಡೆ. ಗಡ್ಡೆಗೆ ಬೇಕಾದ ತೇವ ಕಂಪ್ಯೂಟರಿಗೆ ವಿಷ ಅಂತ ಹೊಳೆಯಲೇ ಇಲ್ಲ. ಮೊನ್ನೆ ಬಿಚ್ಚಿದರೆ ಒಳಗೆಲ್ಲ ತುಕ್ಕು, ಕೀಬೋರ್ಡಿನ ಸಂದಿಯಲ್ಲಿ ಬೂಷ್ಟು. ಯಾರಿಗೂ ಹೇಳಿಲ್ಲ.

ಅವನ ಪರದೆಯ ಮೇಲೆ ಹಸಿರು ಅಕ್ಷರ ಮೂಡಿದಾಗ ನನ್ನ ಹೆಂಡತಿ ವೀಣಾ ಚಪ್ಪಾಳೆ ತಟ್ಟಿದಳು. "ನೋಡ್ರೀ, ವಸಂತಣ್ಣ ಎಷ್ಟು ಚೆನ್ನಾಗಿ ಇಟ್ಕೊಂಡವ್ರೆ!" ನನ್ನ ಯಾವ ಕೆಲಸಕ್ಕೂ ಅವಳು ಹಾಗೆ ತಟ್ಟಿದ್ದು ನೆನಪಿಲ್ಲ.

ಆಮೇಲೆ ವಸಂತ ಕೇಳಿದ, "ಬ್ಯಾರನ್ನ ಹೋಂಸ್ಟೇ ಮಾಡ್ತಿದ್ದೀನಿ ಕಣೋ. ಇದನ್ನ ಎಲ್ಲಿಡೋದು? ನಿಂದು ಎಲ್ಲಿಟ್ಟಿದ್ದೀಯ?"

"ಶುಂಠಿ ಶೆಡ್ಡಲ್ಲಿ. ಏನೂ ಆಗಿಲ್ಲ. ಜಾಗ ಇದೆ, ತಂದಿಡು," ಅಂದೆ. ನಗುತ್ತಲೇ ಅಂದೆ.

ಖುಷಿಯಿಂದ ನನ್ನ ಹೆಗಲ ಮೇಲೆ ಕೈ ಹಾಕಿದ. ನಾಳೆ ಬೆಳಿಗ್ಗೆ ಪಿಕಪ್ಪಿನಲ್ಲಿ ತರುತ್ತಾನೆ.

ಬೇಡ ಅನ್ನಲು ಒಂದು ಫೋನ್ ಸಾಕು. ಮೊಬೈಲ್ ಪಕ್ಕದಲ್ಲೇ ಇದೆ. ಸಂಜೆಯೇ ಶೆಡ್ಡಿಗೆ ಹೋಗಿ, ನನ್ನದರ ಮೇಲೆ ಗೋಣಿ ಹೊದಿಸಿ, ಪಕ್ಕದಲ್ಲಿ ಅವನದಕ್ಕೆ ಜಾಗ ಗುಡಿಸಿ ಬಂದಿದ್ದೇನೆ.