ಪಾಠಪಟ್ಟಿಯ ಮೊದಲ ಸಾಲು

ಹದಿನಾಲ್ಕನೇ ತಾರೀಖು, ಭಾನುವಾರ
ಅಂಗಡಿಯಿಂದ

ಅಕ್ಕನ ಮಗಳು, ನನ್ನ ಗುಬ್ಬಿಗೆ ಮಾವನ ಆಶೀರ್ವಾದ.

ಈ ಭೂಮಿಯ ಮೇಲೆ ನನ್ನಷ್ಟು ಓದಿದವನು ಇನ್ನೊಬ್ಬ ಹುಟ್ಟಿಲ್ಲ. ನೀನು ಪ್ರಾಣ ಬಿಡುವ ಆ ಕಾದಂಬರಿಯ ಹನ್ನೊಂದು ಸಂಪುಟಗಳನ್ನೂ ಒಂದೇ ಹಗಲಿನಲ್ಲಿ, ಸ್ಕೂಟರ್ ಸೀಟು ಹೊಲಿಯುತ್ತಲೇ, ಎಡಗಣ್ಣಿನಿಂದ ಓದಿ ಮುಗಿಸಿದವನು ನಾನು. ಬಲಗಣ್ಣು ಸೂಜಿಯ ಮೇಲಿತ್ತು.

ಹೀಗೆಂದೇ ಊರೆಲ್ಲ ಹೇಳಿಕೊಂಡು ತಿರುಗಿದೆ. ಈಗ ನೋಡು, ಬರುವ ಶುಕ್ರವಾರ ಓದುಗರ ಗುಂಪನ್ನೇ ಮುಚ್ಚುತ್ತೇನೆಂದು ನೀನು ನೋಟಿಸ್ ಹಾಕಿದ್ದೀಯ. ನನ್ನ ಫೋನ್ ಎತ್ತುತ್ತಿಲ್ಲ. ಅದಕ್ಕೇ ಈ ಕಾಗದ.

ಆರು ವರ್ಷ ಕಷ್ಟಪಟ್ಟು ಕಟ್ಟಿದ ಗುಂಪು, ಒಂಬತ್ತು ಸಾವಿರ ಜನ. ಫೋನಿನಲ್ಲಿ ಎಲ್ಲರೂ ಜೊತೆಯಾಗಿ ವಾರಕ್ಕೊಂದು ಅಧ್ಯಾಯ ಓದಬೇಕು, ಮುಂದಿನದು ಗೊತ್ತಿದ್ದವರು ಬಾಯಿ ಬಿಡಬಾರದು. ನೀನು ಹಾಕಿದ ಕಟ್ಟಳೆ ಅದೊಂದೇ. ಕಥೆಯ ಅಕ್ಕ ಕಳೆದುಹೋದ ತಂಗಿಯನ್ನು ಹುಡುಕಿಕೊಂಡು ಅಲೆಯುತ್ತಾಳೆ. ಸಿಕ್ಕಳೋ ಇಲ್ಲವೋ, ಯಾರೂ ಹೇಳುವುದಿಲ್ಲ.

ನನ್ನ ಹೊಟ್ಟೆಯೊಳಗೆ ಇದ್ದದ್ದೇ ಬೇರೆ. ಏಳು ವರ್ಷದಿಂದ ಗ್ರಂಥಾಲಯದಲ್ಲಿ ಹಂಗಾಮಿಯಾಗಿ ಬೀರು ಒರೆಸುತ್ತಿದ್ದೀಯ. ಇಷ್ಟು ಜನ ಕೈಯಲ್ಲಿರುವಾಗ ಆನ್‌ಲೈನಿನಲ್ಲಿ ಸಾಹಿತ್ಯದ ಪಾಠ ಮಾಡಿದರೆ ನೀನು ಮೇಡಂ ಆಗುವುದಿಲ್ಲವೇ? ನಿನ್ನ ಪರೀಕ್ಷೆಯ ಎರಡು ವಾರ ಗುಂಪು ನೋಡಿಕೊಳ್ಳಲು ನನಗೆ ಬಿಟ್ಟೆಯಲ್ಲ, ನಿನ್ನನ್ನು ಕೇಳದೆಯೇ ಕೋರ್ಸ್ ಕಂಪನಿಗೆ ಹೋದೆ.

ಆ ಮ್ಯಾನೇಜರ್. ಥೂ. ಗಾಜಿನ ಕೋಣೆಯ ಗೋಡೆಗೆಲ್ಲ ಪುಸ್ತಕದ ಚಿತ್ರ ಅಂಟಿಸಿದ್ದಾರೆ, ಪುಸ್ತಕ ಒಂದೂ ಇಲ್ಲ. ಪೆನ್ನಿನ ಕ್ಯಾಪನ್ನು ಕಿವಿಯೊಳಗೆ ತಿರುಗಿಸಿ, ಬಂದದ್ದನ್ನು ನೋಡಿ, ಮೇಜಿನ ಅಂಚಿಗೆ ಒರೆಸುತ್ತಿದ್ದ. ಆ ಕೈಯನ್ನೇ ಕುಲುಕಿದೆ. ನಿನ್ನ ಓದುಗರೆಲ್ಲ ಕೈಗೆ ಸಿಕ್ಕ ಕೋಳಿಗಳು, ಪುಕ್ಕ ಕೀಳುವುದಷ್ಟೇ ಬಾಕಿ ಎಂದ. ನಾನು ನಕ್ಕೆ, ಗುಬ್ಬಿ. ಪಾಠ ನಿನ್ನ ಹೆಸರಿನಲ್ಲಿ ನಡೆಯಬೇಕಾದರೆ ಮುಂಗಡ ಕಟ್ಟಬೇಕೆಂದ. ಕಟ್ಟಿದೆ.

ಪಾಠಪಟ್ಟಿ ಬರೆದದ್ದು ಅವನೇ ಎಂದು ನಿಮ್ಮಮ್ಮನಿಗೆ ಹೇಳಿದ್ದೇನೆ. ಅದು ಸುಳ್ಳು. ಅವನಿಗೆ ಕಥೆಯ ತಲೆಬುಡ ಗೊತ್ತಿರಲಿಲ್ಲ. ಎಂಟು ವಾರಕ್ಕಾಗುವಷ್ಟು ನೀವೇ ಬರೆದುಕೊಡಿ ಎಂದ. ನಾನು ಓದಿದ್ದು ಹನ್ನೊಂದನೇ ಸಂಪುಟದ ಕೊನೆಯ ಹದಿನೈದು ಪುಟ, ಅದೂ ರದ್ದಿ ಕಾಗದದ ಕಟ್ಟಿನಲ್ಲಿ ಸಿಕ್ಕಿದ್ದು. ತಂಗಿಯ ಗುಟ್ಟು ಬಯಲಾಗುವುದು ಅಲ್ಲೇ. ಗೊತ್ತಿದ್ದ ಅಷ್ಟನ್ನೇ ಎಂಟು ವಾರಕ್ಕೆ ಎಳೆದೆ. ‘ಮೊದಲ ವಾರ: ತಂಗಿ ಮೊದಲ ಸಂಪುಟದಲ್ಲೇ ಸತ್ತಿರುವಾಗ ಅಕ್ಕನ ಹುಡುಕಾಟಕ್ಕೆ ಅರ್ಥವೇನು?’ ಎಂದು ದಪ್ಪಕ್ಷರದಲ್ಲಿ, ನಿನ್ನ ಹೆಸರಿನಲ್ಲೇ, ಗುಂಪಿಗೆ ಹಾಕಿದೆ. ಹಾಕಿ, ಹೊಗಳಿಕೆ ಬರಲೆಂದು ಮೀಸೆ ತಿರುವುತ್ತಾ ಕೂತೆ.

ಬಂದದ್ದೇನೆಂದು ನಿನಗೆ ಗೊತ್ತು. ನೀನು ಗುಂಪನ್ನು ಮಾರಿಕೊಂಡೆ ಎಂದು ಜನ ಉಗಿದರು. ಉಗುಳಿಸಿಕೊಳ್ಳಬೇಕಾದ ಮುಖ ನನ್ನದು.

ಡಯಾಲಿಸಿಸ್ ವಾರ್ಡಿನ ನರ್ಸಮ್ಮ ನೆನಪಿದ್ದಾರಲ್ಲ, ಮಂಗಳವಾರದ ರೋಗಿಗಳಿಗೆ ಗುಂಪಿನ ಅಧ್ಯಾಯವನ್ನು ಓದಿ ಹೇಳುವವರು? ನೀನೇ ಹಾಕಿದ್ದೆಂದು ನಂಬಿ ಆ ಸಾಲನ್ನು ಗಟ್ಟಿಯಾಗಿ ಓದಿಬಿಟ್ಟರಂತೆ. ನಾಚಿಕೆಗೆಟ್ಟವನು ನಾನು, ಬಿಸ್ಕತ್ತಿನ ಪೊಟ್ಟಣ ಹಿಡಿದು ಅಲ್ಲಿಗೆ ಹೋದೆ. ಆರು ಹಾಸಿಗೆ. ಯಾರೂ ಬಯ್ಯಲಿಲ್ಲ. ಹಿಂದೆ ಟೈಪಿಸ್ಟ್ ಆಗಿದ್ದ ಮುದುಕರೊಬ್ಬರು ಮಾತ್ರ ಕೊಳವೆ ಚುಚ್ಚಿದ ಕೈಯನ್ನು ನೋಡಿಕೊಳ್ಳುತ್ತಾ, “ಮಂಗಳವಾರ ಬರೋದಕ್ಕೆ ನಂಗೆ ಅದೊಂದು ನೆಪ ಇತ್ತು ಕಣ್ರೀ. ಈಗ ಬರೀ ಸೂಜಿ” ಎಂದರು.

ಹೊರಗೆ ನರ್ಸಮ್ಮ ನನ್ನನ್ನು ಕೇಳಿದರು, ಪೂರ್ತಿ ಓದಿದ್ದೀರಾ ಎಂದು. ಇಲ್ಲ ಎಂದೆ. ಹುಟ್ಟಿದಾಗಿನಿಂದ ಇಷ್ಟು ಚಿಕ್ಕ ಉತ್ತರ ನಾನು ಕೊಟ್ಟವನಲ್ಲ.

“ಹಾಗಾದ್ರೆ ಆ ತಂಗಿ ಸತ್ಳು ಅನ್ನೋದಷ್ಟೇ ನಿಮಗ್ಗೊತ್ತು” ಎಂದರು. “ಅವಳು ಹೇಗಿದ್ಳು ಅಂತ ಗೊತ್ತಿಲ್ಲ.”

ಮಂಗಳವಾರ ಮುಂದಿನ ಅಧ್ಯಾಯ ಓದುತ್ತಾರಂತೆ. ಆರರಲ್ಲಿ ನಾಲ್ವರು ಕೇಳುತ್ತೇವೆ ಎಂದಿದ್ದಾರೆ. ಟೈಪಿಸ್ಟ್ ಗೋಡೆಯ ಕಡೆ ತಿರುಗಿ ಮಲಗುತ್ತಾರಂತೆ. ಆ ನಾಲ್ವರಿಗಾದರೂ ಆಮೇಲೂ ವಾರವಾರ ಅಧ್ಯಾಯ ಬೇಕಲ್ಲ, ಗುಬ್ಬಿ. ಗುಂಪು ಮುಚ್ಚಬೇಡ. ನನ್ನನ್ನು ಆಚೆ ಹಾಕು. ಓದದೆ ಪಾಠ ಬರೆದವನು ನಾನು, ನಿನಗೆ ಏನೂ ಗೊತ್ತಿರಲಿಲ್ಲ ಎಂದು ಈ ಬೆಳಿಗ್ಗೆ ಎಲ್ಲರಿಗೂ ಬರೆದಿದ್ದೇನೆ. ಒಂದಕ್ಷರ ಬಣ್ಣ ಕಟ್ಟಿಲ್ಲ, ಬೇಕಾದರೆ ನೋಡು.

ಇತಿ,
ಹದಿನೈದು ಪುಟದ ಪಂಡಿತ,
ನಿನ್ನ ಮಾವ

ಮರೆತಿದ್ದೆ: ಕಂಪನಿಗೆ ಹೋದದ್ದು ಮೂರು ಸಾವಿರವೆಂದು ನಿಮ್ಮಮ್ಮನಿಗೆ ಹೇಳಿದ್ದೇನೆ. ಅವಳಿಗೆ ನೀನು ಹೇಳಬೇಡ, ಸಂಜೆ ನಾನೇ ಹೋಗಿ ಹೇಳುತ್ತೇನೆ. ಅರವತ್ತೆಂಟು ಸಾವಿರ.