ಬಜೆಟ್‌ನಿಂದ ತೆಗೆದ ರ‍್ಯಾಂಪ್

ಬನಶಂಕರಿ, ಶುಕ್ರವಾರ

ಜಯಶೀಲಾ ಮೇಡಂ ಅವರಿಗೆ ನಮಸ್ಕಾರ.

ಗೃಹಪ್ರವೇಶದ ದಿನ ಊಟ ಮಾಡದೆ ಹೊರಟುಬಂದೆ, ಕ್ಷಮಿಸಿ. ಸಾಮಾನು ನಿಮ್ಮದು, ಕೂಲಿ ಮಾತ್ರ ನನ್ನದು ಎಂದಿದ್ದ ಲೇಬರ್ ಕಾಂಟ್ರಾಕ್ಟ್ ಬಜೆಟ್‌ನಲ್ಲಿ ನಿಮ್ಮ ಯಜಮಾನರ ವೀಲ್‌ಚೇರ್‌ಗೆಂದು ಬಾಗಿಲಿಗೆ ರ‍್ಯಾಂಪ್ ಸೇರಿಸಿದ್ದೆ. ಆಮೇಲೆ ನೀವು ಸಾಮಾನನ್ನೂ ನನಗೇ ವಹಿಸಿ ಚದರಡಿ ಲೆಕ್ಕದ ರೇಟು ಕೇಳಿದಿರಿ. ಬೇರೆಯವರಿಗಿಂತ ಕಡಿಮೆ ತೋರಿಸಲು ರ‍್ಯಾಂಪ್ ತೆಗೆದುಹಾಕಿದೆ. ನಿಮಗೆ ಹೇಳಲಿಲ್ಲ. ಕೊನೆಯಲ್ಲಿ ನಾನು ಅದನ್ನು ಕಟ್ಟಿಕೊಡುತ್ತೇನೆಂದು ನೀವು ನಂಬಿದ್ದಿರಿ.

ಅವತ್ತು ನಿಮ್ಮ ತಮ್ಮಂದಿರು ಶಂಭುಲಿಂಗಪ್ಪನವರನ್ನು ಕುರ್ಚಿಸಮೇತ ಎತ್ತಿ ಮೆಟ್ಟಿಲು ಹತ್ತಿಸಿದರು. ಯಜಮಾನರು ನನ್ನತ್ತ ತಿರುಗಿ, "ಮನೆ ಚೆನ್ನಾಗ್ ಕಟ್ಟಿದ್ದೀರ ಸಾರ್, ಊಟ ಮಾಡ್ಕೊಂಡೇ ಹೋಗ್ಬೇಕು" ಅಂದರು. ನನಗೆ ತಲೆಯೆತ್ತಲಾಗಲಿಲ್ಲ.

ಸೋಮವಾರ ರ‍್ಯಾಂಪ್ ಕಟ್ಟಲು ಮೇಸ್ತ್ರಿಯ ಜೊತೆ ಬರುತ್ತೇನೆ, ಗೇಟಿನ ಬೀಗ ತೆಗೆಸಿಡಿ. ಖರ್ಚು ನನ್ನದು. ಕಾರಣ ಮಾತ್ರ ಯಜಮಾನರಿಗೆ ನೀವು ಹೇಳಬೇಡಿ. ಅವರೆದುರು ಕೂತು ನಾನೇ ಹೇಳಬೇಕು.

ಇಂತಿ,
ನಂದಕುಮಾರ್